ಡಿಲೀಟ್ ಒತ್ತಿದರೂ ಹೋಗದ ಮೇಲ್ ಫೋಲ್ಡರ್: ಹಿಡಿದುಕೊಂಡಿರುವುದು ಯಾರು ಅಂತ ಮೊದಲು ನೋಡಿ

ರೈಟ್ ಕ್ಲಿಕ್ ಮಾಡಿ ಡಿಲೀಟ್ ಒತ್ತುತ್ತೀರಿ. ಫೋಲ್ಡರ್ ಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ಅಲ್ಲೇ ಕೂತಿರುತ್ತದೆ. ಕೆಲವು ಸಲ ಡಿಲೀಟ್ ಅನ್ನುವ ಆಯ್ಕೆಯೇ ಮಸುಕಾಗಿ ಒತ್ತೋಕೆ ಬರುವುದಿಲ್ಲ. ಇನ್ನು ಕೆಲವು ಸಲ ಉದ್ದದ ಎರರ್ ಒಂದು ಬರುತ್ತದೆ, ಅದನ್ನು ಯಾರೂ ಪೂರ್ತಿ ಓದುವುದಿಲ್ಲ, ಓಕೆ ಒತ್ತಿ ಮುಚ್ಚಿಬಿಡುತ್ತಾರೆ.

ಬೆಂಗಳೂರಿನ ಸಣ್ಣ ಆಫೀಸು, ಅಂಗಡಿ, ಅಪಾರ್ಟ್‌ಮೆಂಟ್ ಸಂಘಗಳ ಮೇಲ್ ನೋಡಿಕೊಳ್ಳುವುದು ನನ್ನ ಕೆಲಸ. ಈ ತೊಂದರೆಗೆ ಜನ ಮೊದಲು ಮಾಡುವ ಕೆಲಸ ಅಂದರೆ ಆ್ಯಪ್ ತೆಗೆದು ಮತ್ತೆ ಹಾಕುವುದು. ಸುಮ್ನೆ ಅರ್ಧ ದಿನ ಹಾಳು. ಸಾಮಾನ್ಯವಾಗಿ ಫೋಲ್ಡರ್ ಇರುವುದು ನಿಮ್ಮ ಕಂಪ್ಯೂಟರ್‌ನಲ್ಲಿ ಅಲ್ಲ, ಮೇಲ್ ಸರ್ವರ್‌ನಲ್ಲಿ, ಅಂದರೆ ಮೇಲ್ ಸೇವೆ ಕೊಡುವವರ ಕಂಪ್ಯೂಟರ್‌ನಲ್ಲಿ. ನಿಮ್ಮ ಕಣ್ಣಿಗೆ ಕಾಣುವುದು ಅದರ ಕಾಪಿ ಮಾತ್ರ. ಹಾಗಾಗಿ ಫೋಲ್ಡರ್ ಹೋಗುತ್ತಿಲ್ಲ ಅಂದರೆ ಅದು ಕೆಟ್ಟಿದೆ ಅಂತ ಅಲ್ಲ, ಅದನ್ನು ಯಾರೋ ಹಿಡಿದುಕೊಂಡಿದ್ದಾರೆ ಅಂತ. ಸರ್ವರ್ ಹಿಡಿದಿರಬಹುದು, ಒಳಗಿನ ಇನ್ನೊಂದು ಫೋಲ್ಡರ್ ಹಿಡಿದಿರಬಹುದು, ಮನೆಯಲ್ಲಿ ಬಿದ್ದಿರುವ ಹಳೇ ಫೋನ್ ಹಿಡಿದಿರಬಹುದು. ಅದು ಯಾರು ಅಂತ ಗೊತ್ತಾದರೆ ಬಿಡಿಸುವುದು ಕಷ್ಟವಲ್ಲ.

ಮೊದಲು ಕಾಪಿ ತೆಗೆದಿಡಿ

ಇದನ್ನು ದಯವಿಟ್ಟು ಬಿಡಬೇಡಿ. ಹೋಗದ ಫೋಲ್ಡರ್ ಜೊತೆ ಗುದ್ದಾಡುವಾಗ ಫೋಲ್ಡರ್ ಉಳಿದು ಒಳಗಿನ ಮೇಲ್ ಮಾತ್ರ ಹೋಗಿಬಿಡುವುದು ನಿಜಕ್ಕೂ ಆಗುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ವ್ಯಾಪಾರದವರು ಇನ್ನೂ ಹುಷಾರಾಗಿರಬೇಕು. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೇ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಚಿಕ್ಕಪೇಟೆಯ ಎಷ್ಟೋ ಅಂಗಡಿಗಳಲ್ಲಿ ಸಪ್ಲೈಯರ್ ಬಿಲ್ ಇರುವುದು ಮೇಲ್‌ನಲ್ಲಿ ಮಾತ್ರ, ಅದರ ಪ್ರಿಂಟ್ ಕೂಡ ಇರುವುದಿಲ್ಲ.

ಕಾಪಿ ತೆಗೆಯುವುದು ಸುಲಭ. ಥಂಡರ್‌ಬರ್ಡ್ ಅನ್ನುವ ಮೇಲ್ ಆ್ಯಪ್ ಇದ್ದರೆ ಮೇಲ್‌ಗಳನ್ನೆಲ್ಲ ಸೆಲೆಕ್ಟ್ ಮಾಡಿ ‘ಲೋಕಲ್ ಫೋಲ್ಡರ್ಸ್’ ಒಳಗೆ ಕಾಪಿ ಮಾಡಿ. ಮೂವ್ ಅಲ್ಲ, ಕಾಪಿ. ಹಳೇ ಮಾದರಿಯ ಔಟ್‌ಲುಕ್‌ನಲ್ಲಿ ‘ಫೈಲ್’ ಮೆನುವಿನ ‘ಓಪನ್ ಆ್ಯಂಡ್ ಎಕ್ಸ್‌ಪೋರ್ಟ್’ನಿಂದ ಪಿಎಸ್‌ಟಿ ಫೈಲ್ (ಔಟ್‌ಲುಕ್ ಮೇಲ್‌ಗಳನ್ನು ಕಂಪ್ಯೂಟರ್‌ನಲ್ಲೇ ಇಡುವ ಫೈಲ್) ಮಾಡಿಕೊಳ್ಳಿ. ಜಿಮೇಲ್ ಆದರೆ ಗೂಗಲ್ ಟೇಕ್‌ಔಟ್‌ಗೆ ಹೋಗಿ, ಬೇಕಾದ ಲೇಬಲ್ ಒಂದನ್ನೇ ಆರಿಸಿ ಇಳಿಸಿಕೊಳ್ಳಬಹುದು. ಆಮೇಲೆ ಎರಡೂ ಕಡೆ ಮೇಲ್ ಲೆಕ್ಕ ಒಂದೇ ಇದೆಯಾ ಅಂತ ನೋಡಿ, ಒಂದೆರಡು ಅಟ್ಯಾಚ್‌ಮೆಂಟ್ ತೆರೆದು ನೋಡಿ.

ಬ್ರೌಸರ್‌ನಲ್ಲಿ ಡಿಲೀಟ್ ಮಾಡಿ ನೋಡಿ

ಫೋನ್ ಪಕ್ಕಕ್ಕಿಡಿ, ಔಟ್‌ಲುಕ್, ಥಂಡರ್‌ಬರ್ಡ್ ಎಲ್ಲ ಮುಚ್ಚಿ. ಬ್ರೌಸರ್‌ನಲ್ಲಿ ನಿಮ್ಮ ವೆಬ್‌ಮೇಲ್ ತೆರೆದು ಅಲ್ಲಿಂದಲೇ ಆ ಫೋಲ್ಡರನ್ನು ಅಳಿಸಿ. ವೆಬ್‌ಮೇಲ್ ಅಂದರೆ ಸರ್ವರ್ ಜೊತೆ ನೇರ ಮಾತು, ನಡುವೆ ಯಾವ ಕಾಪಿಯೂ ಇರುವುದಿಲ್ಲ. ಬಹಳಷ್ಟು ಜನರ ತೊಂದರೆ ಇಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ ಅಲ್ಲಿ ಏನಾಯಿತು ಅನ್ನುವುದರಿಂದಲೇ ದಾರಿ ಗೊತ್ತಾಗುತ್ತದೆ. ವೆಬ್‌ಮೇಲ್‌ನಲ್ಲೂ ಹೋಗಲಿಲ್ಲ ಅಂದರೆ ಕಾರಣ ಸರ್ವರ್‌ನಲ್ಲಿದೆ. ವೆಬ್‌ಮೇಲ್‌ನಲ್ಲಿ ಹೋಯಿತು, ಕಂಪ್ಯೂಟರ್‌ನಲ್ಲಿ ಇನ್ನೂ ಕಾಣುತ್ತಿದೆ ಅಂದರೆ ಕಂಪ್ಯೂಟರ್‌ನ ಕಾಪಿ ಹಳೆಯದು. ಎರಡೂ ಕಡೆ ಹೋಗಿ ಆಮೇಲೆ ವಾಪಸ್ ಬಂತು ಅಂದರೆ ಬೇರೆ ಯಾವುದೋ ಸಾಧನ ಅಥವಾ ಮೇಲ್ ವಿಂಗಡಿಸುವ ರೂಲ್ ಅದನ್ನು ಮತ್ತೆ ಹುಟ್ಟಿಸುತ್ತಿದೆ.

ಒಂದು ವಿಷಯ. ನಿಮ್ಮದು ಪಾಪ್ ಅಕೌಂಟ್ (ಮೇಲ್ ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಹಳೇ ಪದ್ಧತಿ) ಆಗಿದ್ದರೆ ವೆಬ್‌ಮೇಲ್‌ನಲ್ಲಿ ಆ ಫೋಲ್ಡರ್ ಕಾಣುವುದೇ ಇಲ್ಲ. ಪಾಪ್‌ನಲ್ಲಿ ಫೋಲ್ಡರ್‌ಗಳು ಇರುವುದು ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ, ಅಲ್ಲೇ ಅಳಿಸಬೇಕು, ಅಳಿಸಿದರೆ ಸರ್ವರ್‌ನಿಂದ ವಾಪಸ್ ಬರುವುದಿಲ್ಲ.

ಅಳಿಸಲಾಗದ್ದು, ಅಳಿಸಬಾರದ್ದು

ಇನ್‌ಬಾಕ್ಸ್ ಯಾವ ಸರ್ವರ್‌ನಲ್ಲೂ ಹೋಗುವುದಿಲ್ಲ. ಐಮ್ಯಾಪ್, ಅಂದರೆ ಮೇಲ್ ಆ್ಯಪ್ ಮತ್ತು ಸರ್ವರ್ ಮಾತಾಡುವ ಪದ್ಧತಿ, ಅದರ ನಿಯಮದಲ್ಲೇ ಹಾಗಿದೆ. ಔಟ್‌ಲುಕ್‌ನ ಸೆಂಟ್ ಐಟಮ್ಸ್, ಡ್ರಾಫ್ಟ್ಸ್, ಡಿಲೀಟೆಡ್ ಐಟಮ್ಸ್, ಜಂಕ್, ಔಟ್‌ಬಾಕ್ಸ್ ಇವೂ ಹಾಗೇ, ಡಿಲೀಟ್ ಆಯ್ಕೆ ಮಸುಕಾಗಿರುವುದು ಅದಕ್ಕೇ. ‘ಸಿಂಕ್ ಇಶ್ಯೂಸ್’ ಕೂಡ ಔಟ್‌ಲುಕ್‌ನದೇ, ಅದರ ಒಳಗಿನ ಲಾಗ್‌ಗಳನ್ನು ಖಾಲಿ ಮಾಡಬಹುದು ಅಷ್ಟೇ.

ಕೆಲವು ಸಲ ಸೆಂಟ್ ಫೋಲ್ಡರ್ ಹೆಸರು ಬೇರೆ ಭಾಷೆಯಲ್ಲೋ ವಿಚಿತ್ರವಾಗೋ ಕಾಣುತ್ತದೆ. ಆಗ ಔಟ್‌ಲುಕ್ ಮುಚ್ಚಿ, ವಿಂಡೋಸ್ ಬಟನ್ ಜೊತೆ ಆರ್ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಔಟ್‌ಲುಕ್ ಡಾಟ್ ಇಎಕ್ಸ್‌ಇ, ಒಂದು ಸ್ಪೇಸ್, ಒಂದು ಸ್ಲ್ಯಾಶ್, ಅದಕ್ಕೆ ಅಂಟಿಸಿ ‘ರೀಸೆಟ್‌ಫೋಲ್ಡರ್‌ನೇಮ್ಸ್’ ಅಂತ ಒಂದೇ ಪದವಾಗಿ ಟೈಪ್ ಮಾಡಿ. ಮೂಲ ಹೆಸರುಗಳು ವಾಪಸ್ ಬರುತ್ತವೆ. ಇದು ಹಳೇ ಮಾದರಿಯ ಔಟ್‌ಲುಕ್‌ಗೆ ಮಾತ್ರ, ಹೊಸ ಔಟ್‌ಲುಕ್‌ನಲ್ಲಿ ನಡೆಯುವುದಿಲ್ಲ.

ಮೂರು ಮೂರು ಸೆಂಟ್ ಫೋಲ್ಡರ್

ನನ್ನನ್ನು ಜಾಸ್ತಿ ಜನ ಕೇಳುವುದು ಇದನ್ನೇ. ಸೆಂಟ್, ಸೆಂಟ್ ಐಟಮ್ಸ್, ಸೆಂಟ್ ಮೆಸೇಜಸ್ ಅಂತ ಮೂರು ಫೋಲ್ಡರ್. ಟ್ರ್ಯಾಶ್, ಡಿಲೀಟೆಡ್ ಐಟಮ್ಸ್, ಡಿಲೀಟೆಡ್ ಮೆಸೇಜಸ್ ಅಂತ ಇನ್ನು ಮೂರು. ಒಂದನ್ನು ಅಳಿಸಿದರೆ ಮಾರನೇ ದಿನ ಮತ್ತೆ ಹಾಜರ್.

ಇಲ್ಲಿ ಯಾವ ರಿಪೇರಿಯೂ ಬೇಡ. ಒಂದೊಂದು ಆ್ಯಪ್‌ಗೂ ಒಂದೊಂದು ಹೆಸರಿನ ಅಭ್ಯಾಸ. ಥಂಡರ್‌ಬರ್ಡ್‌ಗೆ ‘ಸೆಂಟ್’, ಔಟ್‌ಲುಕ್‌ಗೆ ‘ಸೆಂಟ್ ಐಟಮ್ಸ್’, ಆ್ಯಪಲ್ ಮೇಲ್‌ಗೆ ‘ಸೆಂಟ್ ಮೆಸೇಜಸ್’. ಯಾವ ಫೋಲ್ಡರ್ ಯಾವ ಕೆಲಸಕ್ಕೆ ಅಂತ ಸರ್ವರೇ ಗುರುತು ಹಾಕಿ ತಿಳಿಸುವ ನಿಯಮ 2011ರಲ್ಲಿ ಬಂತು, ಆದರೆ ಅದಕ್ಕೂ ಮೊದಲು ಶುರುವಾದ ಅಕೌಂಟ್‌ಗಳಲ್ಲಿ, ಆ ಗುರುತು ಸರಿಯಾಗಿ ಹಾಕದ ಹೋಸ್ಟಿಂಗ್‌ಗಳಲ್ಲಿ (ಸರ್ವರ್ ಬಾಡಿಗೆಗೆ ಕೊಡುವವರಲ್ಲಿ) ಈ ಗೊಂದಲ ಹಾಗೇ ಉಳಿದಿದೆ. ನೀವು ಲ್ಯಾಪ್‌ಟಾಪ್‌ನಲ್ಲಿ ಅಳಿಸುತ್ತೀರಿ, ಐಫೋನ್‌ನಿಂದ ಒಂದು ಮೇಲ್ ಕಳಿಸುತ್ತೀರಿ, ಅದಕ್ಕೆ ತನ್ನ ಫೋಲ್ಡರ್ ಕಾಣುವುದಿಲ್ಲ, ಹೊಸದಾಗಿ ಮಾಡಿಕೊಳ್ಳುತ್ತದೆ. ಅಷ್ಟೇ.

ಮೂರರಲ್ಲಿ ಒಂದನ್ನು ಆರಿಸಿ. ಔಟ್‌ಲುಕ್ ಬಳಸುವವರಿದ್ದರೆ ಅದು ಬಳಸುವುದನ್ನೇ ಉಳಿಸಿ, ಯಾಕಂದರೆ ಅಲ್ಲಿ ಇದನ್ನು ಬದಲಾಯಿಸುವುದು ಬೇರೆಯವುಗಳಷ್ಟು ಸುಲಭವಲ್ಲ. ಉಳಿದೆರಡರ ಮೇಲ್‌ಗಳನ್ನೆಲ್ಲ ಅದರೊಳಗೆ ಮೂವ್ ಮಾಡಿ. ಆಮೇಲೆ ಪ್ರತಿ ಸಾಧನಕ್ಕೂ ಹೋಗಿ ಈ ಫೋಲ್ಡರನ್ನೇ ತೋರಿಸಿ. ಥಂಡರ್‌ಬರ್ಡ್‌ನಲ್ಲಿ ಅಕೌಂಟ್ ಸೆಟ್ಟಿಂಗ್ಸ್‌ನ ‘ಕಾಪೀಸ್ ಆ್ಯಂಡ್ ಫೋಲ್ಡರ್ಸ್’, ಟ್ರ್ಯಾಶ್ ಮಾತ್ರ ‘ಸರ್ವರ್ ಸೆಟ್ಟಿಂಗ್ಸ್’ ಒಳಗೆ ಸಿಗುತ್ತದೆ. ಐಫೋನ್‌ನಲ್ಲಿ ಆ ಮೇಲ್ ಅಕೌಂಟ್‌ನ ‘ಅಡ್ವಾನ್ಸ್‌ಡ್’ ಒಳಗೆ ‘ಮೇಲ್‌ಬಾಕ್ಸ್ ಬಿಹೇವಿಯರ್ಸ್’. ಮ್ಯಾಕ್‌ನಲ್ಲಿ ಫೋಲ್ಡರ್ ಮೇಲೆ ನಿಂತು ‘ಮೇಲ್‌ಬಾಕ್ಸ್’ ಮೆನುವಿನ ‘ಯೂಸ್ ದಿಸ್ ಮೇಲ್‌ಬಾಕ್ಸ್ ಆ್ಯಸ್’. ವೆಬ್‌ಮೇಲ್ ರೌಂಡ್‌ಕ್ಯೂಬ್ ಆಗಿದ್ದರೆ ಅಲ್ಲೂ ‘ಸ್ಪೆಷಲ್ ಫೋಲ್ಡರ್ಸ್’ ಅಂತ ಇರುತ್ತದೆ, ಅದನ್ನು ಮರೆಯಬೇಡಿ. ಇಷ್ಟೂ ಆದ ಮೇಲೆ ಬೇಡದ ಎರಡನ್ನು ಅಳಿಸಿ. ಈ ಕ್ರಮ ತಪ್ಪಿದರೆ, ಅಂದರೆ ಮೊದಲು ಅಳಿಸಿ ಆಮೇಲೆ ಸೆಟ್ಟಿಂಗ್ ಮುಟ್ಟಿದರೆ, ಮತ್ತೆ ಮೊದಲಿಂದ ಮಾಡಬೇಕು.

ಎಲ್ಲ ಸಾಧನ ಅಂದಾಗ ಡ್ರಾಯರ್‌ನಲ್ಲಿರುವ ಹಳೇ ಫೋನ್, ಮಗಳ ಟ್ಯಾಬ್, ಗೋಡೌನ್‌ನ ಕಂಪ್ಯೂಟರ್ ಎಲ್ಲ ಸೇರಿತು. ಎಲ್ಲ ಸರಿ ಮಾಡಿದರೂ ಫೋಲ್ಡರ್ ವಾಪಸ್ ಬರುತ್ತಿದ್ದರೆ, ಎಸ್.ಪಿ. ರೋಡ್‌ನ ಕಂಪ್ಯೂಟರ್ ಅಂಗಡಿಗೆ ಕೊಟ್ಟ ಹಳೇ ಲ್ಯಾಪ್‌ಟಾಪ್ ನೆನಪು ಮಾಡಿಕೊಳ್ಳಿ. ಅದರಲ್ಲಿ ಅಕೌಂಟ್ ತೆಗೆದು ಕೊಟ್ಟಿದ್ರಾ? ಅನುಮಾನ ಇದ್ದರೆ ಈಗಲೇ ಪಾಸ್‌ವರ್ಡ್ ಬದಲಾಯಿಸಿ. ಆಗ ಫೋಲ್ಡರ್ ವಿಷಯ ಹಾಗಿರಲಿ, ನಿಮ್ಮ ಮೇಲ್ ಬೇರೆಯವರು ಓದುತ್ತಿರಬಹುದು, ಅದು ದೊಡ್ಡ ವಿಷಯ.

ರೂಲ್‌ಗಳನ್ನೂ ನೋಡಿ. ಬೆಸ್ಕಾಂ ಬಿಲ್ ಬಂದರೆ ಇಂಥ ಫೋಲ್ಡರ್‌ಗೆ ಹಾಕು ಅಂತ ಯಾವಾಗಲೋ ಫಿಲ್ಟರ್ ಬರೆದಿಟ್ಟಿರುತ್ತೀರಿ. ಕೆಲವು ಸರ್ವರ್‌ಗಳು ಫೋಲ್ಡರ್ ಇಲ್ಲದಿದ್ದರೆ ತಾವೇ ಮಾಡಿ ಮೇಲ್ ಹಾಕುತ್ತವೆ. ತಿಂಗಳಿಗೊಮ್ಮೆ, ಬಿಲ್ ಬಂದ ದಿನ ಮಾತ್ರ ಫೋಲ್ಡರ್ ಹುಟ್ಟುತ್ತಿದ್ದರೆ ಇದೇ ಕಾರಣ. ರೂಲ್ ತೆಗೆದ ಮೇಲೆ ಫೋಲ್ಡರ್ ಅಳಿಸಿ.

ಹೆಸರಿನಲ್ಲಿ ಸ್ಲ್ಯಾಶ್, ಚುಕ್ಕಿ, ಸ್ಪೇಸ್

ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಲೆಕ್ಕ ಬರೆಯುವ ಮೇಡಂ ಕೇಳಿದರು: “ಸಾರ್, 24 ಅಂತ ಒಂದು ಫೋಲ್ಡರ್ ಇದೆ. ನಾನು ಮಾಡೇ ಇಲ್ಲ. ಎಲ್ಲಿಂದ ಬಂತು?”

“ನೀವೇ ಮಾಡಿದ್ದು ಮೇಡಂ. ಜಿಎಸ್‌ಟಿ 2023/24 ಅಂತ ಹೆಸರು ಕೊಟ್ರಿ ಅಲ್ವಾ?”

ನಾವು ಹಣಕಾಸು ವರ್ಷ ಬರೆಯುವುದೇ ಹಾಗೆ. ಆದರೆ ಬಹಳ ಸರ್ವರ್‌ಗಳಿಗೆ ಸ್ಲ್ಯಾಶ್ ಅಂದರೆ ‘ಇದರ ಒಳಗೆ’ ಅಂತ ಅರ್ಥ. ಹಾಗಾಗಿ ‘ಜಿಎಸ್‌ಟಿ 2023’ ಅನ್ನುವ ಫೋಲ್ಡರ್, ಅದರೊಳಗೆ ‘24’ ಅನ್ನುವ ಇನ್ನೊಂದು. ಬೇರೆ ಸರ್ವರ್‌ಗಳಲ್ಲಿ ಇದೇ ಕೆಲಸ ಚುಕ್ಕಿ ಮಾಡುತ್ತದೆ, ಅಲ್ಲಿ ‘ಸೈಟ್ ನಂ.12’ ಅಂತ ಹೆಸರಿಟ್ಟರೆ ಎರಡಾಗುತ್ತದೆ.

ಇಂಥ ಮೇಲಿನ ಫೋಲ್ಡರ್ ಎಷ್ಟೋ ಸಲ ಬರೀ ಹೆಸರು. ಮಸುಕಾದ ಅಕ್ಷರದಲ್ಲಿ ಕಾಣುತ್ತದೆ, ಕ್ಲಿಕ್ ಮಾಡಿದರೆ ಏನೂ ತೆರೆಯುವುದಿಲ್ಲ. ಒಳಗಿನದು ಇರುವವರೆಗೆ ಈ ಬರೀ ಹೆಸರನ್ನು ಅಳಿಸೋಕೆ ಸರ್ವರ್ ಒಪ್ಪುವುದಿಲ್ಲ, 2003ರ ಐಮ್ಯಾಪ್ ನಿಯಮ ಹಾಗೇ ಹೇಳುತ್ತದೆ. ಮೇಲಿನ ಫೋಲ್ಡರ್‌ನಲ್ಲೂ ಮೇಲ್ ಇದ್ದು, ನೀವು ಒಳಗಿನದನ್ನು ಬಿಟ್ಟು ಮೇಲಿನದನ್ನು ಮೊದಲು ಅಳಿಸಿದರೆ ಇನ್ನೂ ಕಷ್ಟ: ಅದರಲ್ಲಿದ್ದ ಮೇಲ್ ಹೋಗುತ್ತದೆ, ಹೆಸರು ಹಾಗೇ ನಿಲ್ಲುತ್ತದೆ. ಮೊದಲು ಕಾಪಿ ತೆಗೆಯಿರಿ ಅಂತ ಹೇಳಿದ್ದು ಇದಕ್ಕೇ.

ಆದ್ದರಿಂದ ಯಾವಾಗಲೂ ಒಳಗಿನಿಂದ ಹೊರಗೆ ಬನ್ನಿ. ಮೊದಲು ‘24’, ಆಮೇಲೆ ‘ಜಿಎಸ್‌ಟಿ 2023’. ಒಳಗೆ ಏನೂ ಕಾಣುತ್ತಿಲ್ಲ ಅಂದರೆ ಅಲ್ಲಿಗೇ ಬಿಡಬೇಡಿ, ಒಳಗಿನದು ಸಬ್‌ಸ್ಕ್ರೈಬ್ ಆಗಿಲ್ಲದೆ, ಅಂದರೆ ಆ್ಯಪ್ ತೋರಿಸಬೇಕಾದ ಫೋಲ್ಡರ್‌ಗಳ ಪಟ್ಟಿಯಲ್ಲಿ ಇಲ್ಲದೆ, ಮರೆಯಾಗಿರಬಹುದು. ರೌಂಡ್‌ಕ್ಯೂಬ್‌ನಲ್ಲಿ ಸೆಟ್ಟಿಂಗ್ಸ್‌ನ ‘ಫೋಲ್ಡರ್ಸ್’ಗೆ ಹೋದರೆ ಮರೆಯಾಗಿರುವುದೂ ಸೇರಿ ಎಲ್ಲ ಕಾಣುತ್ತದೆ. ಥಂಡರ್‌ಬರ್ಡ್‌ನಲ್ಲಿ ಅಕೌಂಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಸಬ್‌ಸ್ಕ್ರೈಬ್’ ಒತ್ತಿ ನೋಡಿ.

ಹೆಸರಿನ ಕೊನೆಯಲ್ಲಿ ಒಂದು ಸ್ಪೇಸ್ ಉಳಿದಿದ್ದರೂ ಕೆಲವು ಆ್ಯಪ್‌ಗಳಿಗೆ ಫೋಲ್ಡರ್ ಸಿಗುವುದಿಲ್ಲ. ಆ ಹೆಸರಿನ ಫೋಲ್ಡರ್ ಇಲ್ಲ ಅಂತ ಎರರ್ ಬರುತ್ತದೆ, ಕಣ್ಣೆದುರೇ ಇದ್ದರೂ. ವೆಬ್‌ಮೇಲ್‌ನಲ್ಲಿ ಅದಕ್ಕೆ ಇಂಗ್ಲಿಷ್‌ನಲ್ಲಿ ಮೂರಕ್ಷರದ ಸಾದಾ ಹೆಸರು ಕೊಟ್ಟು, ಸೇವ್ ಮಾಡಿ, ಆಮೇಲೆ ಅಳಿಸಿ. ಹೆಸರಿನ ತಂಟೆ ಏನೇ ಇರಲಿ, ನಾನು ಮೊದಲು ಮಾಡುವುದು ಈ ರೀನೇಮ್.

ಕನ್ನಡದಲ್ಲಿ ಹೆಸರಿಟ್ಟಿದ್ದರೆ

ಇಡಿ, ಖಂಡಿತ ಇಡಿ. ಕನ್ನಡ ಹೆಸರಿನಿಂದ ಫೋಲ್ಡರ್ ಕೆಡುವುದಿಲ್ಲ. ಆದರೆ ಸರ್ವರ್ ಒಳಗೆ ಅದು ಹೇಗೆ ಕೂತಿರುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು. 2003ರ ನಿಯಮದಲ್ಲಿ ಇಂಗ್ಲಿಷ್ ಅಲ್ಲದ ಹೆಸರುಗಳನ್ನು ಸರ್ವರ್ ಒಂದು ಸಂಕೇತಕ್ಕೆ ಬದಲಾಯಿಸಿ ಇಟ್ಟುಕೊಳ್ಳುತ್ತದೆ. ‘ಬಿಲ್’ ಅಂತ ಹೆಸರಿಟ್ಟರೆ ಅಲ್ಲಿ & ಗುರುತು, ಅದರ ಹಿಂದೆ ಹನ್ನೊಂದು ಇಂಗ್ಲಿಷ್ ಅಕ್ಷರ-ಅಂಕಿ, ಕೊನೆಗೆ ಒಂದು ಹೈಫನ್. ಕನ್ನಡ ಅಕ್ಷರದಿಂದ ಶುರುವಾಗುವ ಹೆಸರು ಯಾವುದೇ ಆಗಲಿ, & ಆದ ಮೇಲೆ ಬರುವ ಮೊದಲ ಅಕ್ಷರ ದೊಡ್ಡ ಡಿ. 2021ರಲ್ಲಿ ಬಂದ ಹೊಸ ಐಮ್ಯಾಪ್ ನಿಯಮದಲ್ಲಿ ಹೆಸರು ಇದ್ದ ಹಾಗೇ ಹೋಗಬಹುದು, ಆದರೆ ಹಳೇ ಸರ್ವರ್‌ಗಳು ಇನ್ನೂ ಬೇಕಾದಷ್ಟಿವೆ.

ಇದನ್ನು ಯಾಕೆ ಹೇಳಿದೆ ಅಂದರೆ, ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್ ತೆರೆದವರು ಇಂಥ ವಿಚಿತ್ರ ಹೆಸರು ಕಂಡು ವೈರಸ್ ಇರಬೇಕು ಅಂತ ಅಳಿಸಿಬಿಡುತ್ತಾರೆ. ಅದು ವೈರಸ್ ಅಲ್ಲ, ನಿಮ್ಮದೇ ಬಿಲ್‌ಗಳು. ಫೈಲ್ ಮ್ಯಾನೇಜರ್‌ನಿಂದ ಮೇಲ್ ಫೋಲ್ಡರ್ ತೆಗೆಯುವ ಕೆಲಸಕ್ಕೇ ಹೋಗಬೇಡಿ.

ಕನ್ನಡ ಹೆಸರಿನ ಇನ್ನೊಂದು ತಂಟೆ, ಕಣ್ಣಿಗೆ ಕಾಣದ ಜೋಡಣೆ ಅಕ್ಷರಗಳು. ಫೋನ್‌ನಲ್ಲಿ ಟೈಪ್ ಮಾಡಿದ ‘ಬ್ಯಾಂಕ್‌ನದು’, ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದ ‘ಬ್ಯಾಂಕ್‌ನದು’ ನೋಡೋಕೆ ಒಂದೇ, ಸರ್ವರ್‌ಗೆ ಎರಡು ಬೇರೆ ಹೆಸರು ಆಗಿರಬಹುದು. ಒಂದನ್ನು ಅಳಿಸಿದಾಗ ಇನ್ನೊಂದು ಉಳಿಯುತ್ತದೆ, ಡಿಲೀಟ್ ಆಗಲೇ ಇಲ್ಲ ಅಂತ ನಿಮಗೆ ಅನಿಸುತ್ತದೆ. ಇಲ್ಲೂ ರೀನೇಮ್ ಮಾಡಿ, ಯಾವುದು ಯಾವುದು ಅಂತ ಬೇರೆ ಮಾಡಿಕೊಂಡು ಅಳಿಸಿ.

ಜಾಗ ತುಂಬಿದ್ದರೆ ಡಿಲೀಟೂ ಆಗುವುದಿಲ್ಲ

ಜಾಗ ಖಾಲಿ ಮಾಡೋಣ ಅಂತ ಅಳಿಸೋಕೆ ಹೋದರೆ ಜಾಗ ಇಲ್ಲ ಅಂತ ಅಳಿಸೋಕೆ ಬಿಡುವುದಿಲ್ಲ. ಕೇಳೋಕೆ ಅನ್ಯಾಯ ಅನಿಸುತ್ತದೆ. ಆದರೆ ಮೇಲ್ ಆ್ಯಪ್‌ನಲ್ಲಿ ಡಿಲೀಟ್ ಅಂದರೆ ಸಾಮಾನ್ಯವಾಗಿ ಟ್ರ್ಯಾಶ್‌ಗೆ ಸಾಗಿಸುವುದು, ಮತ್ತು ಆ ಕೆಲಸವನ್ನು ಎಷ್ಟೋ ಸಲ ಮೊದಲು ಕಾಪಿ, ಆಮೇಲೆ ಅಳಿಸುವುದು ಅಂತ ಎರಡು ಹೆಜ್ಜೆಯಲ್ಲಿ ಮಾಡುತ್ತಾರೆ. ಅಕೌಂಟ್ ತುಂಬಿದ್ದರೆ ಮೊದಲ ಹೆಜ್ಜೆಯೇ ಆಗುವುದಿಲ್ಲ.

ಟ್ರ್ಯಾಶ್ ಖಾಲಿ ಮಾಡಿ, ಜಂಕ್ ಖಾಲಿ ಮಾಡಿ. ಆಮೇಲೆ ದೊಡ್ಡ ಅಟ್ಯಾಚ್‌ಮೆಂಟ್ ಇರುವ ನಾಲ್ಕು ಮೇಲ್‌ಗಳನ್ನು ಶಿಫ್ಟ್ ಹಿಡಿದು ಡಿಲೀಟ್ ಒತ್ತಿ ನೇರವಾಗಿ ಅಳಿಸಿ. ಶಿಫ್ಟ್ ಡಿಲೀಟ್ ಟ್ರ್ಯಾಶ್‌ಗೆ ಹೋಗುವುದಿಲ್ಲ, ಹಾಗಾಗಿ ಎರಡು ಸಲ ನೋಡಿಕೊಂಡು ಒತ್ತಿ. ಸ್ವಲ್ಪ ಜಾಗ ಆದ ಮೇಲೆ ಮತ್ತೆ ಡಿಲೀಟ್ ಒತ್ತಿದರೆ ಫೋಲ್ಡರ್ ಹೋಗುತ್ತದೆ.

ಥಂಡರ್‌ಬರ್ಡ್ ಫೋಲ್ಡರನ್ನು ಪೂರ್ತಿಯಾಗಿ ಟ್ರ್ಯಾಶ್ ಒಳಗಿನ ಫೋಲ್ಡರ್ ಆಗಿ ಇಡುತ್ತದೆ. ಕೆಲವು ಹಳೇ ಸರ್ವರ್‌ಗಳಲ್ಲಿ ಒಂದು ಫೋಲ್ಡರ್‌ನಲ್ಲಿ ಮೇಲ್ ಇರಬೇಕು, ಇಲ್ಲವೇ ಒಳಫೋಲ್ಡರ್ ಇರಬೇಕು, ಎರಡೂ ಇರುವ ಹಾಗಿಲ್ಲ. ಅಲ್ಲಿ ಈ ಡಿಲೀಟ್ ಯಾವತ್ತೂ ಆಗುವುದಿಲ್ಲ. ಒಳಗಿನ ಮೇಲ್‌ಗಳನ್ನು ಮೊದಲು ಅಳಿಸಿ, ಖಾಲಿ ಫೋಲ್ಡರನ್ನು ವೆಬ್‌ಮೇಲ್‌ನಲ್ಲಿ ತೆಗೆಯಿರಿ.

ಸರ್ವರ್‌ನಲ್ಲಿ ಇಲ್ಲ, ಕಂಪ್ಯೂಟರ್‌ನಲ್ಲಿ ಇದೆ

ಸಬ್‌ಸ್ಕ್ರಿಪ್ಶನ್ ಪಟ್ಟಿ ಬೇರೆ, ಫೋಲ್ಡರ್ ಬೇರೆ. ಫೋಲ್ಡರ್ ಹೋದರೂ ಪಟ್ಟಿಯಿಂದ ಆ ಹೆಸರನ್ನು ಸರ್ವರ್ ತಾನಾಗಿ ತೆಗೆಯಬಾರದು ಅಂತ ನಿಯಮ ಇದೆ. ಹಾಗಾಗಿ ಹೆಸರು ಮಾತ್ರ ಉಳಿದು ಕಾಣುತ್ತಿರುತ್ತದೆ. ಥಂಡರ್‌ಬರ್ಡ್‌ನ ‘ಸಬ್‌ಸ್ಕ್ರೈಬ್’ ಪಟ್ಟಿಯಲ್ಲಿ ಟಿಕ್ ತೆಗೆಯಿರಿ. ಔಟ್‌ಲುಕ್‌ನಲ್ಲಿ ಅಕೌಂಟ್ ಮೇಲೆ ರೈಟ್ ಕ್ಲಿಕ್, ‘ಐಮ್ಯಾಪ್ ಫೋಲ್ಡರ್ಸ್’, ಅಲ್ಲಿ ಅನ್‌ಸಬ್‌ಸ್ಕ್ರೈಬ್.

ಅದಕ್ಕೂ ಬಗ್ಗದಿದ್ದರೆ ಹಳೇ ಮಾದರಿಯ ಔಟ್‌ಲುಕ್‌ನಲ್ಲಿ ಒಎಸ್‌ಟಿ ಫೈಲ್, ಅಂದರೆ ಸರ್ವರ್‌ನಲ್ಲಿರುವುದರ ಕಾಪಿ ಇಡುವ ಫೈಲ್, ಹೊಸದಾಗಿ ಮಾಡಿಸಬೇಕು. ಔಟ್‌ಲುಕ್ ಮುಚ್ಚಿ, ಆ ಫೈಲ್ ಹೆಸರು ಬದಲಾಯಿಸಿ, ಮತ್ತೆ ತೆರೆದರೆ ಎಲ್ಲ ಸರ್ವರ್‌ನಿಂದ ಹೊಸದಾಗಿ ಇಳಿಯುತ್ತದೆ. ಎರಡು ಎಚ್ಚರಿಕೆ. ಪಿಎಸ್‌ಟಿ ಫೈಲ್‌ಗೆ ಇದನ್ನು ಮಾಡಬೇಡಿ, ಅದರಲ್ಲಿರುವುದು ಸರ್ವರ್‌ನಲ್ಲಿ ಇಲ್ಲದೇ ಇರಬಹುದು. ಇನ್ನು ಐಮ್ಯಾಪ್ ಅಕೌಂಟ್‌ನ ಕ್ಯಾಲೆಂಡರ್, ಕಾಂಟ್ಯಾಕ್ಟ್ಸ್ ಪಕ್ಕದಲ್ಲಿ ‘ದಿಸ್ ಕಂಪ್ಯೂಟರ್ ಓನ್ಲಿ’ ಅಂತ ಇದ್ದರೆ ಅವು ಆ ಒಎಸ್‌ಟಿಯಲ್ಲಿ ಮಾತ್ರ ಇರುವುದು, ಮೊದಲು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಹಳೇ ಫೈಲನ್ನು ಕೂಡಲೇ ಬಿಸಾಡಬೇಡಿ.

ಥಂಡರ್‌ಬರ್ಡ್‌ನಲ್ಲಿ ಇಷ್ಟು ತ್ರಾಸ ಇಲ್ಲ. ಫೋಲ್ಡರ್ ಪ್ರಾಪರ್ಟೀಸ್‌ನಲ್ಲಿ ‘ರಿಪೇರ್ ಫೋಲ್ಡರ್’ ಒತ್ತಿ, ಮುಚ್ಚಿ ತೆರೆಯಿರಿ.

ಜಿಮೇಲ್‌ನ ಲೆಕ್ಕವೇ ಬೇರೆ

ಜಿಮೇಲ್‌ನಲ್ಲಿ ಫೋಲ್ಡರ್ ಇಲ್ಲ, ಇರುವುದು ಲೇಬಲ್, ಅಂದರೆ ಕವರ್ ಮೇಲೆ ಅಂಟಿಸಿದ ಚೀಟಿಯ ಹಾಗೆ. ಚೀಟಿ ಕಿತ್ತರೂ ಕವರ್ ಇರುತ್ತದೆ. ಲೇಬಲ್ ಅಳಿಸಿದರೆ ಮೇಲ್‌ಗಳು ‘ಆಲ್ ಮೇಲ್’ನಲ್ಲಿ ಉಳಿಯುತ್ತವೆ. 15 ಜಿಬಿ ಜಾಗ ತುಂಬಿತು ಅಂತ ಲೇಬಲ್ ಅಳಿಸುತ್ತಾ ಕೂತರೆ ಒಂದು ಎಂಬಿಯೂ ಖಾಲಿಯಾಗುವುದಿಲ್ಲ. ಜಾಗ ಬೇಕಾದರೆ ಮೊದಲು ಆ ಲೇಬಲ್ ತೆರೆದು ಮೇಲ್‌ಗಳನ್ನೆಲ್ಲ ಆರಿಸಿ ಟ್ರ್ಯಾಶ್‌ಗೆ ಹಾಕಿ, ಟ್ರ್ಯಾಶ್ ಖಾಲಿ ಮಾಡಿ, ಆಮೇಲೆ ಲೇಬಲ್ ತೆಗೆಯಿರಿ.

ಇನ್‌ಬಾಕ್ಸ್, ಸೆಂಟ್, ಸ್ಪ್ಯಾಮ್‌ನಂಥ ಜಿಮೇಲ್‌ನ ಸ್ವಂತ ಲೇಬಲ್‌ಗಳು ಹೋಗುವುದಿಲ್ಲ, ಪ್ರಮೋಷನ್ಸ್, ಸೋಶಿಯಲ್ ಕೂಡ. ಹಲವನ್ನು ಕಣ್ಣಿಂದ ಮರೆ ಮಾಡಬಹುದು. ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಲ್ಲಿ ಜಿಮೇಲ್ ಹಾಕಿದಾಗ ಕಾಣುವ ‘ಜಿಮೇಲ್’ ಅನ್ನುವ ಮೇಲಿನ ಫೋಲ್ಡರ್ ಬರೀ ಹೆಸರು, ಅದನ್ನು ಅಳಿಸೋಕೆ ಹೋಗಬೇಡಿ. ಬೇಡದ್ದು ಕಾಣಬಾರದು ಅಂದರೆ ಬ್ರೌಸರ್‌ನಲ್ಲಿ ಜಿಮೇಲ್ ಸೆಟ್ಟಿಂಗ್ಸ್‌ನ ‘ಲೇಬಲ್ಸ್’ಗೆ ಹೋಗಿ ‘ಶೋ ಇನ್ ಐಮ್ಯಾಪ್’ ಟಿಕ್ ತೆಗೆಯಿರಿ.

ಆಫೀಸ್ ಅಕೌಂಟ್ ಆಗಿದ್ದರೆ

ಮಾನ್ಯತಾ ಟೆಕ್ ಪಾರ್ಕ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕಂಪನಿ ಮೇಲ್ ಬಳಸುವವರು ಇಷ್ಟೆಲ್ಲ ಮಾಡುವ ಮೊದಲು ಪರ್ಮಿಷನ್ ನೋಡಿ. ಹಲವರು ಸೇರಿ ಬಳಸುವ ಶೇರ್ಡ್ ಮೇಲ್‌ಬಾಕ್ಸ್‌ನಲ್ಲಿ ಮೇಲ್ ಓದುವ, ಅಳಿಸುವ ಹಕ್ಕು ಇದ್ದರೂ ಫೋಲ್ಡರ್ ಅಳಿಸೋಕೆ ಅದರ ಓನರ್ ಹಕ್ಕು ಬೇಕು. ಫೋಲ್ಡರ್ ಪ್ರಾಪರ್ಟೀಸ್‌ನ ‘ಪರ್ಮಿಷನ್ಸ್’ನಲ್ಲಿ ನಿಮ್ಮ ಹೆಸರಿನ ಎದುರು ಏನಿದೆ ನೋಡಿ, ಇಲ್ಲದಿದ್ದರೆ ಐಟಿಯವರನ್ನು ಕೇಳಿ. ಕಂಪನಿ ಲೀಗಲ್ ಹೋಲ್ಡ್ (ಕಾನೂನಿನ ಕಾರಣಕ್ಕೆ ಮೇಲ್ ಉಳಿಸಿಡುವ ವ್ಯವಸ್ಥೆ) ಹಾಕಿದ್ದರೆ ನೀವು ಅಳಿಸಿದ್ದು ನಿಮ್ಮ ಕಣ್ಣಿಂದ ಮರೆಯಾದರೂ ಸರ್ವರ್‌ನಲ್ಲಿ ಉಳಿಯುತ್ತದೆ. ಹೋಲ್ಡ್ ಇಲ್ಲದಿದ್ದರೂ ಮೈಕ್ರೋಸಾಫ್ಟ್‌ನ ಆಫೀಸ್ ಮೇಲ್ ಸೇವೆಯಾದ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಪೂರ್ತಿ ಅಳಿಸಿದ ಮೇಲ್ ಸಾಮಾನ್ಯವಾಗಿ 14 ದಿನ ವಾಪಸ್ ಪಡೆಯಬಹುದು, ಅಡ್ಮಿನ್ ಬಯಸಿದರೆ 30 ದಿನದವರೆಗೆ ಏರಿಸಬಹುದು. ತಪ್ಪಿ ಅಳಿಸಿದ್ದರೆ ಇವತ್ತೇ ಹೇಳಿ, ಮುಂದಿನ ತಿಂಗಳು ಹೇಳಬೇಡಿ.

ಏನು ಮಾಡಿದರೂ ಹೋಗಲಿಲ್ಲವಾ? ಹೋಸ್ಟಿಂಗ್‌ನವರಿಗೆ ಬರೆಯಿರಿ. ‘ಫೋಲ್ಡರ್ ಡಿಲೀಟ್ ಆಗ್ತಿಲ್ಲ’ ಅಂತ ಒಂದು ಸಾಲು ಬರೆದರೆ ಬ್ರೌಸರ್ ಕ್ಯಾಶ್ ತೆಗೆಯಿರಿ ಅಂತ ಉತ್ತರ ಬರುತ್ತದೆ. ಫೋಲ್ಡರ್‌ನ ಪೂರ್ತಿ ಹೆಸರು, ಅದು ಯಾವುದರ ಒಳಗಿದೆ ಅನ್ನುವುದು, ಎರರ್‌ನ ಸ್ಕ್ರೀನ್‌ಶಾಟ್, ಡಿಲೀಟ್ ಒತ್ತಿದ ಸಮಯ, ವೆಬ್‌ಮೇಲ್‌ನಲ್ಲೂ ಹೋಗಲಿಲ್ಲ ಅನ್ನುವುದು, ಇಷ್ಟನ್ನೂ ಬರೆಯಿರಿ. ಸಮಯ ಮುಖ್ಯ, ಅವರು ಸರ್ವರ್ ಲಾಗ್‌ನಲ್ಲಿ ಹುಡುಕುವುದು ಅದನ್ನೇ. ‘ಫೋಲ್ಡರ್ ಹಾಗೂ ಅದರ ಸಬ್‌ಸ್ಕ್ರಿಪ್ಶನ್ ಎರಡನ್ನೂ ಸರ್ವರ್‌ನಿಂದ ತೆಗೆಯಿರಿ, ಕಾಪಿ ನನ್ನ ಹತ್ತಿರ ಇದೆ’ ಅಂತ ಕೊನೆಯಲ್ಲಿ ಸೇರಿಸಿ.